ಕೃಷ್ಣಕಮಲವೋ, ಶರಬತ್ ಹಣ್ಣಿನ ಬಳ್ಳಿಯೋ? ದುಡ್ಡು ಕೊಡುವ ಮುಂಚೆ ಎಲೆ ನೋಡಿ

ಎರಡು ವರ್ಷ ಒಂದು ಬಳ್ಳಿಗೆ ಸಗಣಿ ಗೊಬ್ಬರ, ಬೂದಿ, ಅಕ್ಕಿ ತೊಳೆದ ನೀರು ಎಲ್ಲ ಹಾಕಿ ಹಣ್ಣಿಗೆ ಕಾದವಳು ನಾನು. ನರ್ಸರಿಯಲ್ಲಿ ಪ್ಯಾಶನ್ ಫ್ರೂಟ್, ಅಂದರೆ ನಮ್ಮ ಶರಬತ್ ಹಣ್ಣು, ಅಂತಲೇ ಹೇಳಿ ಕೊಟ್ಟಿದ್ದರು. ಬಳ್ಳಿ ಕಾಂಪೌಂಡ್ ದಾಟಿ ಪಕ್ಕದ ಮನೆಯ ಡಿಶ್ ಹಿಡಿಯಿತು, ನೀಲಿ ಹೂವು ರಾಶಿ ರಾಶಿ ಬಿಟ್ಟಿತು, ಹಣ್ಣು ಮಾತ್ರ ಒಂದೂ ಇಲ್ಲ. ಕೊನೆಗೆ ತೀರ್ಥಹಳ್ಳಿಯಿಂದ ಬಂದ ಅತ್ತೆ ಒಂದು ಎಲೆ ಕಿತ್ತು, ಅದರ ಅಂಚನ್ನು ಬೆರಳಲ್ಲಿ ಸವರಿ, "ಇದು ಶರಬತ್ ಹಣ್ಣಿನ ಬಳ್ಳಿ ಅಲ್ಲ ಮಾರಾಯ್ತಿ, ಕೌರವ ಪಾಂಡವ ಹೂವು. ಪೂಜೆಗೆ ಇಟ್ಕೋ" ಅಂದರು.

ಕೌರವ ಪಾಂಡವ ಹೂವು ಅಂದರೆ ಕೃಷ್ಣಕಮಲವೇ. ಗುರುತಿಸಲು ಅವರಿಗೆ ಅರ್ಧ ನಿಮಿಷ ಸಾಕಾಯಿತು.

ಈ ತಪ್ಪು ಆಗುವುದಕ್ಕೆ ಕಾರಣ ಇದೆ. ಎರಡೂ ಒಂದೇ ಕುಲದ ಗಿಡಗಳು, ಪ್ಯಾಸಿಫ್ಲೋರಾ ಅಂತ. ಎರಡರ ತವರೂ ಅಮೆರಿಕದ ಕಡೆಯೇ. ಹೂವಿನ ಕಟ್ಟು ಒಂದೇ, ಸುರುಳಿ ಕುಡಿ ಹಾಕಿ ಹತ್ತುವ ರೀತಿ ಒಂದೇ. ಸಣ್ಣ ಕವರಿನಲ್ಲಿ ನಾಲ್ಕು ಎಲೆ ಇರುವ ಸಸಿ ಎಷ್ಟೋ ಸಲ ಮಾರುವವರಿಗೇ ಗೊತ್ತಾಗುವುದಿಲ್ಲ. ಹಾಗಾಗಿ ಯಾವುದು ಯಾವುದು ಅಂತ ಗುರುತಿಸುವುದರಿಂದಲೇ ಶುರು ಮಾಡೋಣ, ನೆಡುವ ಮಾತು ಆಮೇಲೆ.

ನರ್ಸರಿಯಲ್ಲಿ ನಿಂತು ನೋಡಬೇಕಾದ್ದು

ಮೊದಲು ಎಲೆ. ತೀರಾ ಎಳೆಯ ಎಲೆ ಬೇಡ, ಬಲಿತದ್ದು ನೋಡಿ. ಶರಬತ್ ಹಣ್ಣಿನ ಬಳ್ಳಿಯ ಎಲೆ ಮೂರು ಬೆರಳಿನ ಹಾಗೆ ಸೀಳಿರುತ್ತದೆ, ಮೇಲ್ಭಾಗ ಎಣ್ಣೆ ಸವರಿದಂತೆ ಹೊಳೆಯುತ್ತದೆ, ಅಂಚಿನಲ್ಲಿ ಗರಗಸದ ಹಾಗೆ ಸಣ್ಣ ಹಲ್ಲು. ಬೆರಳು ಓಡಿಸಿದರೆ ತಿಳಿಯುತ್ತದೆ. ನೀಲಿ ಕೃಷ್ಣಕಮಲದ ಎಲೆಗೆ ಸಾಮಾನ್ಯವಾಗಿ ಐದು ಬೆರಳು, ಅಂಚು ಹಲ್ಲಿಲ್ಲದೆ ನುಣುಪು.

ಎರಡನೆಯದು ಎಲೆ ತೊಟ್ಟು ಕಾಂಡಕ್ಕೆ ಸೇರುವ ಜಾಗ. ಕೃಷ್ಣಕಮಲದಲ್ಲಿ ಅಲ್ಲಿ ಎರಡು ಪುಟ್ಟ ಕಿವಿ ಹಾಗೆ ಅಗಲ ಎಸಳು ಇರುತ್ತವೆ. ಶರಬತ್ ಹಣ್ಣಿನದರಲ್ಲಿ ಆ ಜಾಗದಲ್ಲಿ ದಾರದೆಳೆಯಷ್ಟು ಸಪೂರದ್ದು ಮಾತ್ರ. ಹಾಗೇ ಶರಬತ್ ಹಣ್ಣಿನ ಎಲೆ ಶುರುವಾಗುವ ಕಡೆ, ತೊಟ್ಟಿನ ತುದಿಯಲ್ಲಿ, ಸಾಸಿವೆಗಿಂತ ಸಣ್ಣ ಎರಡು ಗುಬುಟು ಕಾಣುತ್ತವೆ. ಅದರಿಂದ ಸಿಹಿ ಜಿನುಗುತ್ತದೆ, ಇರುವೆ ಬಂದು ನೆಕ್ಕುತ್ತಿರುತ್ತದೆ. ಅಯ್ಯೋ ಇರುವೆ ಹತ್ತಿದೆ ಅಂತ ಔಷಧಿ ಹೊಡೆಯಬೇಡಿ, ಅದು ಗಿಡವೇ ಇಟ್ಟ ಔತಣ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಮೂರು ಬೆರಳಿನ ಎಲೆ ಇರುವ, ಅಂಚಿನಲ್ಲಿ ಸಣ್ಣ ಹಲ್ಲೂ ಇರುವ ನೇರಳೆ ಕೃಷ್ಣಕಮಲವೂ ನಮ್ಮಲ್ಲಿ ಮಾರಾಟಕ್ಕಿದೆ. ಅದಕ್ಕೆ ಎಲೆಯ ಪರೀಕ್ಷೆ ಸಾಲದು, ಹೂವೇ ನೋಡಬೇಕು. ಶರಬತ್ ಹಣ್ಣಿನ ಹೂವಿನ ಎಸಳು ಬಿಳಿ. ಮೇಲಿನ ಎಳೆಗಳು ಬುಡದಲ್ಲಿ ನೇರಳೆ, ತುದಿಯಲ್ಲಿ ಬಿಳಿಯಾಗಿ ಗುಂಗುರು ಕೂದಲ ಹಾಗೆ ಸುಕ್ಕು ಸುಕ್ಕು. ಎಸಳೇ ನೀಲಿ, ನೇರಳೆ ಅಥವಾ ಕೆಂಪು ಇದ್ದರೆ ಅದನ್ನು ಹಣ್ಣಿನ ಆಸೆಗೆ ತರಬೇಡಿ. ಹೂವಿಲ್ಲದ ಸಸಿ, ಮಾರುವವರ ಮಾತು ಅನುಮಾನ ಅನ್ನಿಸಿತೇ? ಬಿಟ್ಟುಬಿಡಿ. ಮಾರ್ಕೆಟ್‌ನಿಂದ ಎರಡು ಹಣ್ಣು ತಂದು ಬೀಜ ಹಾಕಿದರೆ ತಾಯಿ ಯಾರು ಅಂತಲಾದರೂ ಗೊತ್ತಿರುತ್ತದೆ.

ಆಸ್ಟ್ರೇಲಿಯಾದಲ್ಲಿರುವ ನಮ್ಮವರಿಗೆ ಒಂದು ಮಾತು. ಅಲ್ಲಿ ಕಸಿ ಮಾಡಿದ ಪ್ಯಾಶನ್ ಫ್ರೂಟ್ ಸಸಿಗಳ ಬುಡ ಬಹಳ ಸಲ ಈ ನೀಲಿ ಕೃಷ್ಣಕಮಲದ್ದೇ. ಬುಡದಿಂದ ಚಿಗುರಿದ್ದನ್ನು ಚಿವುಟದೆ ಬಿಟ್ಟರೆ ಅದೇ ಮೇಲಿನ ಹಣ್ಣಿನ ಬಳ್ಳಿಯನ್ನು ಮುಚ್ಚಿ ಕೊಲ್ಲುತ್ತದೆ. "ಹೋದ ವರ್ಷ ಹಣ್ಣು ಬಿಟ್ಟಿತ್ತು, ಈ ವರ್ಷ ಬರೀ ನೀಲಿ ಹೂವು" ಅನ್ನುವವರು ಬುಡದ ಚಿಗುರಿಗೆ ಐದು ಬೆರಳಿನ ಎಲೆ ಇದೆಯಾ ನೋಡಿ.

ಒಂದೇ ಹೂವು, ಎರಡು ಕಥೆ

ಇದನ್ನು ಹಾರಿಸಿದರೆ ಮುಂದೆ ಪರಾಗದ ಕೆಲಸ ಹೇಳುವಾಗ ಕಷ್ಟ, ಅದಕ್ಕೇ ಬರೆಯುತ್ತೇನೆ. ನಮ್ಮಲ್ಲಿ ಈ ಹೂವಿನ ಸುತ್ತಲಿನ ಎಳೆಗಳು ನೂರು ಕೌರವರು, ಅದರ ಮೇಲಿನ ಐದು ಪಾಂಡವರು, ತೀರಾ ಮೇಲಿನ ಮೂರು ತ್ರಿಮೂರ್ತಿಗಳು. ನಡುವಿನ ಹಸಿರು ಗುಂಡನ್ನು ದ್ರೌಪದಿ ಅನ್ನುವವರೂ ಇದ್ದಾರೆ. ಎಳೆ ಲೆಕ್ಕ ಹಾಕಿದರೆ ಸರಿಯಾಗಿ ನೂರು ಬರುವುದಿಲ್ಲ, ಮಕ್ಕಳ ಹತ್ತಿರ ಎಣಿಸಬೇಡಿ ಅನ್ನಿ! ದಕ್ಷಿಣ ಅಮೆರಿಕಕ್ಕೆ ಹೋದ ಸ್ಪೇನಿನ ಪಾದ್ರಿಗಳು ಇದೇ ಹೂವಿನಲ್ಲಿ ಏಸುವಿನ ಮುಳ್ಳಿನ ಕಿರೀಟ, ಐದು ಗಾಯ, ಮೂರು ಮೊಳೆ ಕಂಡರು. ಪ್ಯಾಶನ್ ಅನ್ನುವ ಹೆಸರು ಬಂದದ್ದು ಏಸುವಿನ ಆ ನೋವಿನಿಂದ. ಪ್ರೇಮಕ್ಕೂ ಅದಕ್ಕೂ ಸಂಬಂಧ ಇಲ್ಲ.

ತೋಟದ ಲೆಕ್ಕದಲ್ಲಿ ಐವರು ಪಾಂಡವರು ಅಂದರೆ ಪರಾಗದ ಚೀಲ. ಮೂರು ಮೂರ್ತಿಗಳು ಅಂದರೆ ಪರಾಗ ಅಂಟಬೇಕಾದ ಜಾಗ. ದ್ರೌಪದಿ ಅನ್ನುವ ಗುಂಡೇ ಮುಂದೆ ಹಣ್ಣಾಗುವುದು.

ನಿಮ್ಮ ಜಾಗಕ್ಕೆ ಯಾವುದು?

ನಾನು ಈಗ ಯಾರಾದರೂ ಕೇಳಿದರೆ ಮೊದಲು ಕೇಳುವುದು ಬಿಸಿಲಿನ ವಿಷಯ. ದಿನಕ್ಕೆ 6 ಗಂಟೆ ನೇರ ಬಿಸಿಲು, ಬಳ್ಳಿ ಹಬ್ಬಲು ಕಡಿಮೆ ಅಂದರೂ 10 ಅಡಿ ಉದ್ದದ ಚಪ್ಪರ ಅಥವಾ ತಂತಿ, ದೊಡ್ಡ ಡ್ರಮ್ ಇಡುವ ಜಾಗ ಇವು ಇದ್ದರೆ ಹಣ್ಣಿನ ಬಳ್ಳಿ ಹಾಕಿ. ಬಾಲ್ಕನಿ, ನಾಲ್ಕು ಗಂಟೆ ಬಿಸಿಲು, ಕಿಟಕಿ ಗ್ರಿಲ್ ಅಷ್ಟೇ ಇದ್ದರೆ ಕೃಷ್ಣಕಮಲ ತನ್ನಿ, ಸಂತೋಷವಾಗಿರಿ. ಹಣ್ಣಿನ ಬಳ್ಳಿಯನ್ನು ಅರೆ ನೆರಳಿನ ಬಾಲ್ಕನಿಯಲ್ಲಿ ಇಟ್ಟರೆ ಎಲೆ ಚೆನ್ನಾಗಿ ಬರುತ್ತದೆ, ಹೂವು ಅಲ್ಲೊಂದು ಇಲ್ಲೊಂದು, ನಿಮಗೆ ಬರೀ ಸಿಟ್ಟು.

ಕೃಷ್ಣಕಮಲದ ಹೂವು ಒಂದೇ ದಿನ. ಬೆಳಗ್ಗೆ ನೋಡಿದ್ದು ಮರುದಿನ ಮುದುಡಿರುತ್ತದೆ. ಆದರೆ ಬಳ್ಳಿ ಚಿಗುರುತ್ತಾ ಇರುವವರೆಗೂ ಹೊಸ ಮೊಗ್ಗು ಬರುತ್ತಲೇ ಇರುತ್ತದೆ, ದೇವರ ಮನೆಗೆ ದಿನಕ್ಕೆ ನಾಲ್ಕು ಹೂವು ಕಷ್ಟ ಇಲ್ಲ.

ಹಣ್ಣಿನ ಬಳ್ಳಿ ಅಂದರೂ ಎರಡು ಥರ: ನೇರಳೆ ಸಿಪ್ಪೆಯದು, ಹಳದಿ ಸಿಪ್ಪೆಯದು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತಂಪಿಗೆ ನೇರಳೆ ಚೆನ್ನ. ಮಂಗಳೂರು, ಉಡುಪಿ, ಕುಮಟಾದ ಸೆಕೆಗೆ ಹಳದಿ. ಬೆಂಗಳೂರು ಮೈಸೂರಿನಲ್ಲಿ ಎರಡೂ ಬದುಕುತ್ತವೆ. ಸಸಿಯಲ್ಲಿ ವ್ಯತ್ಯಾಸ ನೋಡಬೇಕಾದರೆ ಹಳದಿಯದರ ಕಾಂಡ, ಸುರುಳಿ ಕುಡಿಗಳಲ್ಲಿ ಸ್ವಲ್ಪ ಕೆಂಪು ಛಾಯೆ ಇರುತ್ತದೆ. ನೇರಳೆಯದು ಬಹುಪಾಲು ಹಸಿರು. ಇನ್ನೊಂದು ಇದೆ, ಕಾವೇರಿ ಅಂತ. ಕೊಡಗಿನ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ನೇರಳೆ ಮತ್ತು ಹಳದಿ ಬೆರೆಸಿ ಮಾಡಿದ ತಳಿ. ಸಿಕ್ಕರೆ ಯೋಚನೆ ಮಾಡದೆ ಅದನ್ನೇ ತನ್ನಿ.

ಒಂದೇ ಬಳ್ಳಿಗೆ ಜಾಗ ಇರುವವರು ನೇರಳೆ ಹಾಕುವುದು ಕ್ಷೇಮ, ಯಾಕೆಂದರೆ ಅದು ತನ್ನ ಪರಾಗದಿಂದಲೇ ಕಾಯಿ ಕಚ್ಚುತ್ತದೆ. ಹಳದಿ ಹಾಗಲ್ಲ. ಅದಕ್ಕೆ ಬೇರೆ ಬಳ್ಳಿಯ ಪರಾಗ ಬೇಕು, ಅದೂ ಬೇರೆ ಬೀಜದಿಂದ ಬಂದ ಬಳ್ಳಿ. ಒಂದೇ ತಾಯಿಯ ಕಡ್ಡಿ ಚುಚ್ಚಿ ಮಾಡಿದ ಎರಡು ಗಿಡ ಇದ್ದರೆ ಲೆಕ್ಕಕ್ಕೆ ಅದು ಒಂದೇ ಗಿಡ. ನನ್ನ ನೀಲಿ ಕೃಷ್ಣಕಮಲದ ಕಥೆಯೂ ಇದೇ. ಅದರ ಸ್ವಭಾವವೂ ಜೋಡಿ ಬೇಡುವುದು, ನಮ್ಮ ಬೀದಿಯಲ್ಲಿ ಇನ್ನೊಂದು ಇರಲಿಲ್ಲ. ಕಚ್ಚಿದ್ದರೂ ಏನು, ಮೊಟ್ಟೆಯಂಥ ಕಿತ್ತಳೆ ಬಣ್ಣದ ಸಪ್ಪೆ ಹಣ್ಣು. ಶರಬತ್ತಿಗೆ ಅದು ಬೇಡ.

ನೆಡುವುದು

ಬೀಜ ಹಾಕುವುದಾದರೆ ತಿರುಳನ್ನು ಎರಡು ಮೂರು ದಿನ ಲೋಟದಲ್ಲಿ ಹುಳಿ ಬರಲು ಬಿಡಿ. ಆಮೇಲೆ ಜರಡಿಯಲ್ಲಿ ತೊಳೆದು ಲೋಳೆ ಬಿಡಿಸಿ, ನೆರಳಲ್ಲಿ ಆರಿಸಿ ಬೇಗ ಹಾಕಿ. ತಿಂಗಳುಗಟ್ಟಲೆ ಡಬ್ಬಿಯಲ್ಲಿ ಇಟ್ಟ ಬೀಜ ಸರಿಯಾಗಿ ಹುಟ್ಟುವುದಿಲ್ಲ. ತಾಜಾ ಬೀಜ ಎರಡರಿಂದ ನಾಲ್ಕು ವಾರದಲ್ಲಿ ಮೊಳೆಯುತ್ತದೆ. ಬೀಜದ ಬಳ್ಳಿ ಹಣ್ಣಿಗೆ ಒಂದು, ಒಂದೂವರೆ ವರ್ಷ ತೆಗೆದುಕೊಳ್ಳುತ್ತದೆ. ಕಡ್ಡಿಯಿಂದ ಮಾಡಿದ್ದು ಅದಕ್ಕಿಂತ ಮೊದಲೇ ಬರುತ್ತದೆ. ಕಡ್ಡಿ ಅಂದರೆ ಪೆನ್ಸಿಲ್ ದಪ್ಪದ, ಮೂರು ನಾಲ್ಕು ಗೆಣ್ಣಿರುವ ತುಂಡು, ಕೆಳಗಿನ ಎಲೆ ತೆಗೆದು ಎರಡು ಗೆಣ್ಣು ಮಣ್ಣಿಗೆ. ಕೃಷ್ಣಕಮಲಕ್ಕೂ ಕಡ್ಡಿಯೇ ಸುಲಭ.

ನೆಲದಲ್ಲಾದರೆ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ. ಕೊಳೆತ ಕೊಟ್ಟಿಗೆ ಗೊಬ್ಬರ, ಒಂದು ಬೊಗಸೆ ಬೇವಿನ ಹಿಂಡಿ, ಮೇಲ್ಮಣ್ಣು ಬೆರೆಸಿ ತುಂಬಿ. ಟೆರೇಸ್‌ನಲ್ಲಾದರೆ 50 ಲೀಟರ್‌ಗಿಂತ ಕಡಿಮೆ ಡ್ರಮ್ ಬೇಡ, ತಳದಲ್ಲಿ ನಾಲ್ಕೈದು ತೂತು ಇರಲಿ. ಈ ಬಳ್ಳಿಗೆ ಬಾಯಾರಿಕೆ ಜಾಸ್ತಿ, ಆದರೆ ಕಾಲು ನೀರಿನಲ್ಲಿ ಇರುವುದು ಆಗುವುದಿಲ್ಲ. ಬುಡದ ಸುತ್ತ ಒಣ ಎಲೆ ಹೊದಿಸುವಾಗ ಕಾಂಡದಿಂದ ಒಂದು ಗೇಣು ಜಾಗ ಬಿಡಿ. ಕಾಂಡಕ್ಕೆ ಒತ್ತಿಕೊಂಡು ಹಸಿ ಇದ್ದರೆ ಬುಡ ಕೊಳೆತು, ನಿನ್ನೆ ಚೆನ್ನಾಗಿದ್ದ ಬಳ್ಳಿ ಇವತ್ತು ಬಾಡಿ ನೇತಾಡುತ್ತದೆ.

ಕೃಷ್ಣಕಮಲಕ್ಕೆ ಇಷ್ಟೆಲ್ಲ ಬೇಡ. 12 ಇಂಚಿನ ಕುಂಡ, ಸಾಧಾರಣ ಮಣ್ಣು. ಗೊಬ್ಬರ ಜಾಸ್ತಿ ಆದರೆ ಬರೀ ಎಲೆ. ಒಂದೇ ಎಚ್ಚರಿಕೆ, ನೆಲಕ್ಕೆ ಹಾಕಬೇಡಿ. ಬೇರಿನಿಂದ ಮರಿ ಹೊರಡಿಸಿ ಮೂರಡಿ ಆಚೆ ಎದ್ದು ನಿಲ್ಲುತ್ತದೆ. ನಾನು ನೆಲಕ್ಕೇ ಹಾಕಿದ್ದೆ. ಬುಡ ಅಗೆದು ತೆಗೆದ ಮೇಲೂ ಚರಂಡಿ ಪಕ್ಕ ಮರಿ ಏಳುತ್ತಲೇ ಇದೆ.

ಹತ್ತಿಸುವುದು, ಕತ್ತರಿಸುವುದು

ಆರೂವರೆ ಅಡಿ ಎತ್ತರಕ್ಕೆ ತಂತಿ ಎಳೆಯಿರಿ. ಬಟ್ಟೆ ಒಣಹಾಕುವ ತಂತಿ ಸಾಲದು, ಮಳೆಗಾಲದಲ್ಲಿ ನೆನೆದ ಬಳ್ಳಿಯ ಭಾರ ತಡೆಯಬೇಕು. ಬುಡದಿಂದ ತಂತಿಯವರೆಗೆ ಒಂದೇ ಕಾಂಡ ಬಿಡಿ, ಪಕ್ಕದ ಚಿಗುರೆಲ್ಲ ಚಿವುಟಿ. ತಂತಿ ಮುಟ್ಟಿದ ಮೇಲೆ ತುದಿ ಕುಡಿ ಚಿವುಟಿ, ಎರಡು ಕೈ ಎಡಕ್ಕೆ ಬಲಕ್ಕೆ ಓಡಿಸಿ. ಆ ಕೈಗಳಿಂದ ಪರದೆ ಹಾಗೆ ಕೆಳಗೆ ಇಳಿಯುವ ಕವಲುಗಳಲ್ಲೇ ಹಣ್ಣು. ಅವು ನೆಲ ಮುಟ್ಟದಂತೆ ಒಂದು ಅಡಿ ಮೇಲೆ ಕತ್ತರಿಸಿ.

ಹೂವು ಬರುವುದು ಹೊಸ ಚಿಗುರಿನಲ್ಲಿ, ಇದು ನೆನಪಿರಲಿ. ಹಣ್ಣಿನ ಒಂದು ಸುತ್ತು ಮುಗಿದ ಮೇಲೆ ಇಳಿಬಿದ್ದ ಕವಲುಗಳನ್ನು ಮೂರು ನಾಲ್ಕು ಗೆಣ್ಣು ಉಳಿಸಿ ಧೈರ್ಯವಾಗಿ ಕತ್ತರಿಸಿ. ಪಾಪ ಅಂತ ಬಿಟ್ಟರೆ ಒಳಗೆಲ್ಲ ಒಣ ಕಡ್ಡಿ ತುಂಬಿ, ಹೂವು ಮೇಲಿನ ತುದಿಗಳಲ್ಲಿ ಮಾತ್ರ ಬರುತ್ತದೆ. ಮಲೆನಾಡಿನಲ್ಲಿ ಹಲಸಿನ ಮರಕ್ಕೆ ಹತ್ತಿಸಿಬಿಡುತ್ತಾರೆ, ಬಿದ್ದ ಹಣ್ಣು ಆರಿಸಿದರಾಯಿತು ಅಂತ. ಮರ ಇರುವವರಿಗೆ ಅದಕ್ಕಿಂತ ಸುಖ ಇಲ್ಲ. ಕೃಷ್ಣಕಮಲವನ್ನು ಗ್ರಿಲ್ ಮುಚ್ಚಿದಾಗ ಅರ್ಧ ಕತ್ತರಿಸಿದರೆ ಸಾಕು.

ಹೂವಿನ ಹೊತ್ತು: ಇಲ್ಲೇ ಎಲ್ಲ ಇರುವುದು

ಹೂವಿದೆ ಹಣ್ಣಿಲ್ಲ ಅನ್ನುವವರು ಇದನ್ನು ಎರಡು ಸಲ ಓದಿ.

ನೇರಳೆ ಹಣ್ಣಿನ ಹೂವು ಬೆಳಗಿನ ಜಾವಕ್ಕೆ ಅರಳಿ ಮಧ್ಯಾಹ್ನದೊಳಗೆ ಮುಚ್ಚುತ್ತದೆ. ಹಳದಿಯದು ಮಧ್ಯಾಹ್ನದ ಹೊತ್ತಿಗೆ ಅರಳಿ ರಾತ್ರಿ ಮುಚ್ಚುತ್ತದೆ. ಅಂದರೆ ನೇರಳೆ ಬಳ್ಳಿಯ ಹತ್ತಿರ ಸಂಜೆ ಬ್ರಷ್ ಹಿಡಿದು ಹೋದರೆ ಪ್ರಯೋಜನ ಇಲ್ಲ. ಹೂವು ಅರಳಿದ ಕೂಡಲೇ ಮೇಲಿನ ಮೂರು ಕಡ್ಡಿಗಳು ನೆಟ್ಟಗೆ ಆಕಾಶ ನೋಡುತ್ತಿರುತ್ತವೆ. ಅರಳಿ ಸುಮಾರು ಒಂದು ಗಂಟೆ ಕಳೆಯುವಷ್ಟರಲ್ಲಿ ನಿಧಾನಕ್ಕೆ ಕೆಳಗೆ ಬಾಗಿ, ಪರಾಗದ ಚೀಲಗಳ ಮಟ್ಟಕ್ಕೆ ಇಳಿಯುತ್ತವೆ. ಕೆಲಸ ಮಾಡಬೇಕಾದ್ದು ಆಗ. ಕೆಲವು ಹೂವಿನಲ್ಲಿ ಅವು ಬಾಗುವುದೇ ಇಲ್ಲ, ಅಂಥದ್ದರಲ್ಲಿ ಕಾಯಿಯ ಆಸೆ ಬಿಡಿ.

ಇದರ ಪರಾಗ ಭಾರ, ಅಂಟಂಟು. ಗಾಳಿಗೆ ಹಾರುವುದಿಲ್ಲ. ಪುಟ್ಟ ಜೇನು ಬಂದರೆ ಪರಾಗ ಕದ್ದು ಹೋಗುತ್ತದೆ ಅಷ್ಟೇ, ಅದರ ಬೆನ್ನು ಮೇಲಕ್ಕೆ ಮುಟ್ಟುವುದಿಲ್ಲ. ಈ ಹೂವಿಗೆ ತಕ್ಕವನು ಆ ದಪ್ಪ ಕಪ್ಪು ದುಂಬಿ, ಮರ ಕೊರೆದು ಗೂಡು ಮಾಡುತ್ತದಲ್ಲ, ಗುಂಯ್ ಅಂತ ಬಂದರೆ ನಾವು ಓಡುತ್ತೇವಲ್ಲ, ಅದೇ. ಅದು ಎಳೆಗಳ ಮೇಲೆ ಕೂತು ಮಕರಂದಕ್ಕೆ ತಲೆ ತೂರಿಸಿ ಗಿರಗಿರ ಸುತ್ತುವಾಗ, ಮೇಲೆ ಬೋರಲಾಗಿ ತೂಗುವ ಪರಾಗದ ಚೀಲ ಅದರ ಬೆನ್ನಿಗೆ ಉಜ್ಜುತ್ತದೆ. ಬೆನ್ನೆಲ್ಲ ಹಳದಿ ಪುಡಿ. ಮುಂದಿನ ಹೂವಿನಲ್ಲಿ ಆ ಬೆನ್ನೇ ಬಾಗಿದ ಮೂರು ತಲೆಗೆ ತಾಗುತ್ತದೆ. ನಾನು ಚಪ್ಪರದ ಹತ್ತಿರ ಒಣಗಿದ ನುಗ್ಗೆ ಕೊಂಬೆ ಕಟ್ಟಿಟ್ಟಿದ್ದೇನೆ, ದುಂಬಿ ಬಂದು ಕೊರೆದುಕೊಳ್ಳಲಿ ಅಂತ. ಮನೆಯ ಬಾಗಿಲ ಚೌಕಟ್ಟು ಕೊರೆಯುವುದಕ್ಕಿಂತ ಅದು ವಾಸಿ ಅಲ್ವಾ?

ದುಂಬಿ ಇಲ್ಲದ ಐದನೇ ಮಹಡಿಯಲ್ಲಿ ನೀವೇ ದುಂಬಿ. ಮಕ್ಕಳ ಪೇಂಟ್ ಬ್ರಷ್ ಅಥವಾ ಬರಿ ಬೆರಳ ತುದಿ ಸಾಕು. ಚೀಲದ ಕೆಳಮುಖದಿಂದ ಹಳದಿ ಪುಡಿ ತೆಗೆದು ಮೂರೂ ತಲೆಗೆ ಸವರಿ. ಹಳದಿ ತಳಿಯಾದರೆ ಒಂದು ಬಳ್ಳಿಯದು ಇನ್ನೊಂದಕ್ಕೆ. ಹೂವಿಗೆ ನೀರು ಬೀಳದ ಹಾಗೆ ನೋಡಿ. ಒದ್ದೆಯಾದ ಪರಾಗ ಒಡೆದು ಹಾಳಾಗುತ್ತದೆ, ಅದಕ್ಕೇ ಜೋರು ಮಳೆ ಬಂದ ದಿನದ ಹೂವು ಉದುರುವುದು. ಪೈಪ್ ಹಿಡಿದು ಮೇಲಿನಿಂದ ಬಳ್ಳಿಗೆ ಸ್ನಾನ ಮಾಡಿಸುವ ಅಭ್ಯಾಸ ಇದ್ದರೆ ಹೂವಿನ ಕಾಲದಲ್ಲಿ ಬಿಡಿ. ನಾಲ್ಕೈದು ದಿನದಲ್ಲಿ ಹಸಿರು ಗುಂಡು ಊದಿಕೊಂಡರೆ ಕಚ್ಚಿದೆ ಅಂತ ಲೆಕ್ಕ. ತೊಟ್ಟು ಹಳದಿಯಾಗಿ ಬಿದ್ದರೆ ಮುಂದಿನ ಹೂವು ನೋಡಿಕೊಳ್ಳಿ.

ಹುಳ, ರೋಗ

ಕಿತ್ತಳೆ ರೆಕ್ಕೆಯ, ಕಪ್ಪು ಚುಕ್ಕಿಯ, ಸೋಮಾರಿಯಂತೆ ನಿಧಾನ ಹಾರುವ ಚಿಟ್ಟೆ ಬಳ್ಳಿಯ ಸುತ್ತ ಕಂಡರೆ ಎಲೆಯ ಹಿಂಬದಿ ನೋಡಿ. ಹಳದಿ ಮೊಟ್ಟೆಯ ಗುಂಪು ಇರುತ್ತದೆ. ಅದರಿಂದ ಬರುವ ಮುಳ್ಳು ಮುಳ್ಳಿನ ಕೆಂಗಂದು ಹುಳಗಳು ವಾರದಲ್ಲಿ ಬಳ್ಳಿಯನ್ನು ಬೋಳು ಮಾಡುತ್ತವೆ. ಮೊಟ್ಟೆ ಇರುವ ಎಲೆಯನ್ನೇ ಕಿತ್ತರೆ ಮುಗಿಯಿತು, ಔಷಧಿ ಬೇಡ. ಹೂವಿನ ಬಳ್ಳಿಯನ್ನೂ ಅವು ಬಿಡುವುದಿಲ್ಲ. ಅಲ್ಲಿ ನಾನು ಸುಮ್ನೆ ತಿನ್ನಲು ಬಿಡುತ್ತೇನೆ, ಮತ್ತೆ ಚಿಗುರುತ್ತದೆ, ಚಿಟ್ಟೆಯೂ ನೋಡಲು ಸಿಗುತ್ತದೆ.

ಬೇಸಿಗೆಯಲ್ಲಿ ಎಲೆ ಮಂಕಾಗಿ ಕೆಳಗೆ ಕೆಂಪು ನುಸಿ ಕಂಡರೆ ಎಲೆಯ ಹಿಂಬದಿಗೆ ಸಂಜೆ ನೀರು ಚಿಮುಕಿಸಿ. ಎಲೆಯಲ್ಲಿ ಹಳದಿ ಹಸಿರು ಮಚ್ಚೆ, ಹಣ್ಣು ಕಲ್ಲಿನಂತೆ ಗಟ್ಟಿ, ಸೊಟ್ಟ ಆದರೆ ಅದು ವೈರಸ್. ಬಳ್ಳಿ ಕಿತ್ತು ಸುಡುವುದೇ ದಾರಿ, ಕತ್ತರಿಯನ್ನೂ ಚೆನ್ನಾಗಿ ತೊಳೆಯಿರಿ. ಚೆನ್ನಾಗಿರುವ ಬಳ್ಳಿಯೂ ಮೂರು ನಾಲ್ಕು ವರ್ಷದ ನಂತರ ಸೋಲುತ್ತದೆ. ಮೂರನೇ ವರ್ಷಕ್ಕೇ ಹೊಸ ಸಸಿ ತಯಾರಿರಲಿ.

ಹಣ್ಣು, ಆಮೇಲೆ ಶರಬತ್

ಕಾಯಿ ಕಚ್ಚಿ ಎರಡರಿಂದ ಮೂರು ತಿಂಗಳಿಗೆ ಹಣ್ಣು. ಕೀಳಬೇಡಿ, ಮಾಗಿದ್ದು ತಾನಾಗಿ ಬೀಳುತ್ತದೆ. ಟೆರೇಸ್ ಸಿಮೆಂಟ್ ಮೇಲೆ ಬಿದ್ದು ಒಡೆಯದಂತೆ ಹಳೆಯ ಸೀರೆ ಅಥವಾ ಬಲೆ ಕಟ್ಟಿ. ಹಸಿ ಕಾಯಿ ಮಕ್ಕಳ ಕೈಗೆ ಕೊಡಬೇಡಿ, ಕಾಯಿಯಲ್ಲೂ ಎಲೆಯಲ್ಲೂ ಸಯನೈಡ್ ಬಿಡುವ ಅಂಶ ಇದೆ. ಕೃಷ್ಣಕಮಲದ ಕಾಯಿಗೂ ಇದೇ ಮಾತು. ಬಿದ್ದ ಹಣ್ಣನ್ನು ಬುಟ್ಟಿಯಲ್ಲಿ ನಾಲ್ಕು ದಿನ ಇಟ್ಟರೆ ಸಿಪ್ಪೆ ಸುಕ್ಕಾಗುತ್ತದೆ. ನುಣ್ಣಗಿರುವ ಹಣ್ಣು ಚಂದ, ಸುಕ್ಕಾದ್ದು ಸಿಹಿ.

ನಮ್ಮತ್ತೆ ಮಾಡುವ ರೀತಿ ಹೀಗೆ. ನಾಲ್ಕು ಹಣ್ಣಿನ ತಿರುಳು ಬೀಜ ಸಮೇತ ಪಾತ್ರೆಗೆ, ಅರ್ಧ ಲೋಟ ನೀರು, ಕೈಯಲ್ಲೇ ಚೆನ್ನಾಗಿ ಕಿವುಚಬೇಕು. ಮಿಕ್ಸಿ ಹಾಕಲೇಬೇಕು ಅಂದರೆ ಎರಡು ಸೆಕೆಂಡ್ ಒತ್ತಿ ಬಿಡಿ, ಬೀಜ ಪುಡಿಯಾದರೆ ಶರಬತ್ ಕಪ್ಪು ಚುಕ್ಕಿಯಾಗಿ ಒಗರಾಗುತ್ತದೆ. ಸೋಸಿ, ಇನ್ನು ಮೂರು ಲೋಟ ತಣ್ಣೀರು, ಬೆಲ್ಲ ಅಥವಾ ಸಕ್ಕರೆ, ಒಂದು ಚಿಟಿಕೆ ಉಪ್ಪು, ಕುಟ್ಟಿದ ಏಲಕ್ಕಿ ಒಂದು. ಹುಳಿ ಜಾಸ್ತಿ ಅನ್ನಿಸಿದರೆ ಕಾಳುಮೆಣಸಿನ ಪುಡಿ ಎರಡು ಚಿಟಿಕೆ, ಸಕ್ಕರೆ ಸುರಿಯುವುದಕ್ಕಿಂತ ಅದು ಒಳ್ಳೆಯದು. ಜರಡಿಯಲ್ಲಿ ಉಳಿದ ಬೀಜ ಬಿಸಾಡಬೇಡಿ. ತೊಳೆದು ಪೇಪರ್ ಮೇಲೆ ಹರಡಿ ನೆರಳಲ್ಲಿಡಿ. ಪೇಪರ್ ಮೇಲೆ ನೇರಳೆಯೋ ಹಳದಿಯೋ ಅಂತ ಬರೆದಿಡುವುದು ಮರೆಯಬೇಡಿ.